ಬಿಟ್ಟ ಮೇಲೆ ಬಾ ಅನ್ನಬೇಡಿ, ಈಗಲೇ ಬಾ ಅನ್ನಿ



ಮಗ ಗಾಂಜಾ ಸೇದುತ್ತಾನೆ, ಮಾತ್ರೆ ನುಂಗುತ್ತಾನೆ, ಸೂಜಿ ಚುಚ್ಚಿಕೊಳ್ಳುತ್ತಾನೆ ಎಂದು ಗೊತ್ತಾದರೆ ತಾಯಿ ಸಂಘದ ಸಭೆಗೂ ಬರುವುದಿಲ್ಲ. ಬಳಸುವವಳು ಮಗಳಾದರಂತೂ ಅವಮಾನ ಇಮ್ಮಡಿ. "ಮೊದಲು ಬಿಡ್ಲಿ, ಆಮೇಲೆ ಡಾಕ್ಟರ್ ಹತ್ರ ಹೋಗೋಣ" ಅಂತಾರೆ ಮನೆಯವರು. ಆದರೆ ಕಾಯಿಲೆ ಅಲ್ಲಿಯ ತನಕ ಕಾಯುವುದಿಲ್ಲ.

1978ರ ಅಲ್ಮಾ ಅಟಾ ಸಮ್ಮೇಳನವು, ಪ್ರಾಥಮಿಕ ಆರೋಗ್ಯ ಸೇವೆ ಎಲ್ಲರಿಗೂ ಮನೆಯ ಹತ್ತಿರವೇ, ಜನರ ಸಹಭಾಗಿತ್ವದಿಂದ ಸಿಗಬೇಕು ಎಂದು ಸಾರಿತು. ವ್ಯಸನಕ್ಕೆ ಸಿಕ್ಕಿದವರೂ ಆ 'ಎಲ್ಲರಲ್ಲಿ' ಸೇರಿದವರೇ.

ಯಾವ ಚಿಕಿತ್ಸೆ ಇದೆ?

ಒಬ್ಬರ ಸೂಜಿ ಇನ್ನೊಬ್ಬರು ಬಳಸಿದರೆ ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ ಹರಡುತ್ತವೆ. ಚುಚ್ಚಿದ ಜಾಗ ಕೀವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಹೆಪಟೈಟಿಸ್ ಸಿ ಕಾಯಿಲೆಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಮಾತ್ರೆ ಉಚಿತ. ಹೆಚ್ಚಿನವರಿಗೆ 12 ವಾರಗಳಲ್ಲಿ ವಾಸಿಯಾಗುತ್ತದೆ.

ಬ್ರೌನ್ ಶುಗರ್‌ನಂಥ ಅಫೀಮು ಜಾತಿಯ ಮಾದಕಕ್ಕೆ ಅಂಟಿದವರಿಗೆ ಓ.ಎಸ್.ಟಿ. ಕೇಂದ್ರಗಳಲ್ಲಿ ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯ ಕೆಳಗಿಡಲು ಕೊಡುತ್ತಾರೆ. ಮೈಕೈ ನೋವು, ಚಡಪಡಿಕೆ ತಗ್ಗಿ ಕೆಲಸಕ್ಕೆ ಹೋಗುವಂತಾಗುತ್ತದೆ.

ಎಚ್ಚರವಿರಲಿ

ಕೋಣೆಯಲ್ಲಿ ಕೂಡಿಹಾಕಬೇಡಿ. ಬಹುದಿನ ನಿದ್ರೆ ಮಾತ್ರೆ ಅಥವಾ ಸಾರಾಯಿ ತಗೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅಫೀಮು ಜಾತಿಯದನ್ನು ಕೆಲಕಾಲ ಬಿಟ್ಟವರು ಮತ್ತೆ ಹಳೇ ಪ್ರಮಾಣವನ್ನೇ ತಗೊಂಡರೆ ಉಸಿರು ನಿಲ್ಲಬಹುದು. ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಎಬ್ಬಿಸಿದರೂ ಏಳದಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನು ತಗೊಂಡಿದ್ದ ಅನ್ನೋದನ್ನು ಮುಚ್ಚಿಡಬೇಡಿ.

ನಮ್ಮ ಸಂಘ ಏನು ಮಾಡಬಹುದು?

1. ಸಭೆಗೆ ಬಾರದ ತಾಯಿಯ ಮನೆಗೆ ಇಬ್ಬರು ಹೋಗಿ ಬನ್ನಿ. ಆಡಿದ ಮಾತು ಊರಿಗೆ ಹರಡದಿರಲಿ.

2. ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಗಾಯ, ಜ್ವರ, ಕೆಮ್ಮು, ಯಾವುದರಿಂದ ಶುರುವಾದರೂ ಸರಿ.

3. ಜಿಲ್ಲಾಸ್ಪತ್ರೆಗೆ ಹೋಗಿಬರಲು ಸಂಘದ ಆಂತರಿಕ ಸಾಲ ಕೊಡಿ. ಶಕ್ತಿ ಯೋಜನೆಯಿಂದ ನಮಗೆ ಬಸ್ ಪುಕ್ಕಟೆ, ಮಗನಿಗೆ ಚಾರ್ಜು ಬೇಕಲ್ಲ!

4. ವ್ಯಸನಮುಕ್ತಿ ಸಲಹೆಗೆ 14446, ಎಚ್.ಐ.ವಿ. ಮತ್ತು ಓ.ಎಸ್.ಟಿ. ಮಾಹಿತಿಗೆ 1097 ನಂಬರಿಗೆ ಫೋನ್ ಮಾಡಿ.

"ಪೊಲೀಸರು ಹಿಡೀತಾರೆ" ಎಂಬ ಭಯವಿದೆಯೇ? ಸ್ವಂತ ಬಳಕೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಗೆ ಬಂದು ಚಿಕಿತ್ಸೆ ಪೂರೈಸಿದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣವಾದ ಮೇಲೆ ಬಾ ಎಂದು ಕಳಿಸಲಿಲ್ಲ, ಕೈಚಾಚಿ ಮುಟ್ಟಿದರು. ಮುಂದಿನ ಸಭೆಯಲ್ಲಿ ಈ ವಿಷಯ ಮಾತಾಡೋಣ.