ಮೊದಲು ಚಾನೆಲ್, ಆಮೇಲೆ ಡ್ರಾವರ್

ಹೊಸ ಅಡುಗೆ ಕೋಣೆ ಮಾಡಿಸಿ ನಾಲ್ಕು ತಿಂಗಳಾಗಿರಲಿಲ್ಲ. ನೆಂಟರು ಬರುವ ದಿನ ಬೆಳಿಗ್ಗೆ ಉಮ್ಮ ಬಿರಿಯಾನಿ ಪಾತ್ರೆ ತೆಗೆಯಲು ಕೆಳಗಿನ ಡ್ರಾವರ್ ಎಳೆದರು. ಅರ್ಧ ಬಂತು, ಮತ್ತೆ ಜಪ್ಪಯ್ಯ ಅಂದರೂ ಬರಲಿಲ್ಲ. ಜೋರಾಗಿ ಎಳೆದದ್ದೇ ತಡ, ಒಂದು ಬದಿ ಕಳಚಿ ಪಾತ್ರೆ ಸಮೇತ ನೆಲಕ್ಕೆ ಬಿತ್ತು. ಉಮ್ಮನ ಕಾಲು ಸ್ವಲ್ಪದರಲ್ಲೇ ಉಳಿಯಿತು. ಅಂದಿನಿಂದ ಅವರು ಆ ಡ್ರಾವರ್‌ಗಳನ್ನು ಮುಟ್ಟುವುದನ್ನೇ ಬಿಟ್ಟರು. ಪಾತ್ರೆಗಳೆಲ್ಲ ಮತ್ತೆ ನೆಲದ ಮೇಲೆ!

ಕೆಲಸ ಮಾಡಿದವರು ಫೋನ್ ಎತ್ತಲಿಲ್ಲ. ಕೊನೆಗೆ ಪರಿಚಯದ ಇನ್ನೊಬ್ಬ ಆಚಾರ್ರನ್ನು ಕರೆದೆವು. ಅವರು ಟೇಪು ಹಿಡಿದು ಅಳೆದು ಹೇಳಿದರು: "ಡ್ರಾವರ್ 3 ಎಂಎಂ ಅಗಲ ಜಾಸ್ತಿ ಉಂಟು ಮಾರಾಯ್ರೇ. ಚಾನೆಲ್ ಎಂತ ಮಾಡುದು?"

ಈಗಿನ ಮಾಡ್ಯುಲರ್ ಕಿಚನ್‌ನ ಪೆಟ್ಟಿಗೆಗೆ ಎದುರಿನಲ್ಲಿ ಮರದ ಚೌಕಟ್ಟು ಇರುವುದಿಲ್ಲ. ಚಾನೆಲನ್ನು ನೇರವಾಗಿ ಬದಿಯ ಪ್ಲೈವುಡ್‌ಗೆ ಸ್ಕ್ರೂ ಮಾಡುತ್ತಾರೆ. ಹಾಗಾಗಿ ಅಳತೆ ತಪ್ಪಿದರೆ ಮುಚ್ಚಿಡಲು ಜಾಗವೇ ಇಲ್ಲ. ಬದಿಗೆ ಕೂರಿಸುವ ಬಾಲ್ ಬೇರಿಂಗ್ ಚಾನೆಲ್‌ಗೆ ಒಂದೊಂದು ಬದಿಯಲ್ಲಿ ಅರ್ಧ ಇಂಚು, ಅಂದರೆ 12.7 ಎಂಎಂ ಜಾಗ ಬೇಕು. ಲೆಕ್ಕ ಹೀಗೆ: ಪೆಟ್ಟಿಗೆಯ ಹೊರ ಅಗಲ 600 ಎಂಎಂ. ಎರಡು ಬದಿಯ 18 ಎಂಎಂ ಪ್ಲೈ ಕಳೆದರೆ ಒಳಗೆ 564. ಅದರಲ್ಲಿ ಚಾನೆಲ್‌ಗೆ 26 ಕಳೆಯಿರಿ. ಡ್ರಾವರ್‌ನ ಹೊರ ಅಗಲ 538. ನಮ್ಮದು 541 ಇತ್ತು. ಒಂದು ಎಂಎಂ ಕಡಿಮೆಯಾದರೆ ಚಾನೆಲ್‌ನ ಹಿಂದೆ ಲ್ಯಾಮಿನೇಟ್ ತುಂಡು ಇಟ್ಟು ಸರಿಪಡಿಸಬಹುದು. ಜಾಸ್ತಿಯಾದರೆ ಡ್ರಾವರ್ ಬಿಚ್ಚಲೇಬೇಕು.

ತಪ್ಪು ನಮ್ಮದೂ ಉಂಟು. ಗ್ರಾನೈಟ್, ಲ್ಯಾಮಿನೇಟ್ ಬಣ್ಣ ಆರಿಸಲು ಹತ್ತು ಅಂಗಡಿ ಸುತ್ತಿದ ನಾವು ಚಾನೆಲ್ ಯಾವುದೆಂದು ಕೇಳಲೇ ಇಲ್ಲ. ಬಿಳಿ ಬಣ್ಣದ, ಸಣ್ಣ ಚಕ್ರದ ಅಗ್ಗದ ಚಾನೆಲ್ ಪೂರ್ತಿ ಹೊರಗೆ ಬರುವುದಿಲ್ಲ. ಅದು ಚಮಚ, ಪ್ಲೇಟುಗಳಿಗೆ ಸಾಕು. ದೊಡ್ಡ ಪಾತ್ರೆಗಳಿಗೆ ಪೂರ್ತಿ ಹೊರಬರುವ ಬಾಲ್ ಬೇರಿಂಗ್ ಚಾನೆಲ್ ಬೇಕು. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 45 ಕೆ.ಜಿ.ಯದ್ದು. ಈ ತೂಕ ಒಂದು ಜೋಡಿಗೆ, ಡ್ರಾವರ್‌ನ ಸ್ವಂತ ತೂಕವೂ ಅದರಲ್ಲೇ ಸೇರಿತು. ಡ್ರಾವರ್‌ನ ಅಡಿಗೆ ಕೂರುವ, ಮೆಲ್ಲ ಮುಚ್ಚುವ ಚಾನೆಲ್‌ಗೆ ಲೆಕ್ಕವೇ ಬೇರೆ. ಅದಕ್ಕೇ ಚಾನೆಲ್ ತಂದು, ಅದರ ಕಾಗದ ನೋಡಿದ ಮೇಲೆಯೇ ಪ್ಲೈ ಕೊಯ್ಯಿಸಿ.

ನಮ್ಮ ಕರಾವಳಿಯ ಉಪ್ಪು ಗಾಳಿಗೆ ಮಾಮೂಲು ಚಾನೆಲ್ ಬೇಗ ತುಕ್ಕು ಹಿಡಿಯುತ್ತದೆ. ಸಿಂಕ್ ಹತ್ತಿರವಾದರೂ ಸ್ಟೈನ್‌ಲೆಸ್ ಸ್ಟೀಲಿನದ್ದು ಹಾಕಿಸಿ. ಬಿಗಿಯಾಯಿತೆಂದು ತೆಂಗಿನೆಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನೂ ಕೆಡುತ್ತದೆ.

ಆಚಾರ್ರು ಕೂರಿಸುವುದನ್ನು ನಾವು ಪಕ್ಕದಲ್ಲೇ ನಿಂತು ನೋಡಿದೆವು. ಪೆನ್ಸಿಲ್ ಗುರುತನ್ನು ನಂಬದೆ, ಒಂದೇ ಅಳತೆಯ ಪ್ಲೈ ತುಂಡನ್ನು ಎರಡೂ ಬದಿಗೆ ನಿಲ್ಲಿಸಿ, ಅದರ ಮೇಲೆ ಚಾನೆಲ್ ಇಟ್ಟರು. ಎತ್ತರ ತಪ್ಪುವ ಮಾತೇ ಇಲ್ಲ. ಎದುರಿನ ಅಂಚಿನಿಂದ 2-3 ಎಂಎಂ ಒಳಗೆ ಹಿಡಿದರು. ಮೊದಲು ಉದ್ದ ತೂತುಗಳಿಗೆ ಮಾತ್ರ ಸ್ಕ್ರೂ ಹಾಕಿ, ಡ್ರಾವರ್ ಓಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ಉರುಟು ತೂತುಗಳಿಗೆ ಹಾಕಿದರು. ಸ್ಕ್ರೂ 16 ಎಂಎಂ. ಅದಕ್ಕಿಂತ ತುಂಬ ಉದ್ದವಾದರೆ 18ರ ಪ್ಲೈಯಿಂದ ಆಚೆ ಬರಬಹುದು. ನಡುವಿನ ಹಲಗೆಯ ಎರಡೂ ಬದಿಗೆ ಚಾನೆಲ್ ಇದ್ದರೆ ಸ್ಕ್ರೂಗಳು ಎದುರುಬದುರು ಬಾರದಂತೆ ನೋಡಿಕೊಳ್ಳಬೇಕು. ಬಾಗಿಲಿನ ಒಳಗೆ ಡ್ರಾವರ್ ಇರುವಲ್ಲಿ ಹಿಂಜಸ್‌ಗೆ ತಾಗದಂತೆ ಬದಿಗೆ ಒಂದು ಪಟ್ಟಿ ಕೊಟ್ಟು ಚಾನೆಲ್ ಕೂರಿಸಿದರು.

ಎರಡು ದಿನದ ಕೆಲಸ, ಎರಡನೇ ಸಲದ ಖರ್ಚು. ದುಡ್ಡು ಕೊಡುವ ಮುಂಚೆ ಉಮ್ಮನನ್ನೇ ಕರೆದೆವು. ಡ್ರಾವರ್‌ಗೆ ಪಾತ್ರೆಗಳನ್ನೆಲ್ಲ ತುಂಬಿಸಿ, ಎಳೆದು, ಮುಚ್ಚಿ ನೋಡಿದರು. ನೀವೂ ಖಾಲಿ ಡ್ರಾವರ್ ನೋಡಿ ಒಪ್ಪಬೇಡಿ, ತುಂಬಿಸಿಯೇ ನೋಡಿ.

"ಈಗ ಆದೀತು" ಅಂದರು ಉಮ್ಮ. ನೆಲದ ಮೇಲಿದ್ದ ಬಿರಿಯಾನಿ ಪಾತ್ರೆ ಅಂದೇ ಒಳಗೆ ಹೋಯಿತು.