ಹಳೆಯ ಡೀಸೆಲ್ ಪಿಕಪ್‌ನ ಐಡಲಿಂಗ್ ದೋಷ: ಪತ್ತೆಯ ವಿದ್ಯೆ ಮತ್ತು ಅದರ ಕ್ರಮ

ತೋಟದ ತರಕಾರಿಯನ್ನು ಎಪಿಎಂಸಿ ಮಾರುಕಟ್ಟೆಗೆ, ಸಿಮೆಂಟು ಚೀಲಗಳನ್ನು ಕಟ್ಟಡದ ಬಾಗಿಲಿಗೆ ಮುಟ್ಟಿಸುವ ಹಳೆಯ ಡೀಸೆಲ್ ಪಿಕಪ್‌ಗಳು ಕರ್ನಾಟಕದ ಊರೂರುಗಳಲ್ಲಿ ಇಂದಿಗೂ ದುಡಿಯುತ್ತಿವೆ. 1988ರಲ್ಲಿ ಮಾರುಕಟ್ಟೆಗೆ ಬಂದ ಟಾಟಾಮೊಬೈಲ್‌ನಂಥ ವಾಹನಗಳಿಂದ ಮೊದಲ್ಗೊಂಡು, ಕಂಪ್ಯೂಟರ್ ನಿಯಂತ್ರಣ ಬರುವುದಕ್ಕೆ ಮುಂಚಿನ ಈ ಪೀಳಿಗೆಯ ಎಂಜಿನ್‌ಗಳಲ್ಲಿ ದೋಷವನ್ನು ತೆರೆಯ ಮೇಲೆ ತೋರಿಸುವ ಯಂತ್ರವಿಲ್ಲ. ಹೀಗಾಗಿ ಎಂಜಿನ್ ನಿಂತಲ್ಲೇ ಕುಲುಕತೊಡಗಿದಾಗ ಕಾರಣವನ್ನು ಕಂಡುಹಿಡಿಯುವುದು ಕಿವಿ, ಕಣ್ಣು ಮತ್ತು ಸ್ಪಾನರ್‌ಗಳನ್ನು ನಂಬಿದ ಒಂದು ಕಸುಬಾಗಿ ಬೆಳೆದಿದೆ. ಆ ಕಸುಬಿನ ಜೀವಾಳ ಇರುವುದು ಪರೀಕ್ಷೆಗಳ ಕ್ರಮದಲ್ಲಿ.

ಆಕ್ಸಿಲರೇಟರ್ ಒತ್ತದಿರುವಾಗ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರುವ ಸ್ಥಿತಿಯನ್ನು ಐಡಲಿಂಗ್ ಎನ್ನುತ್ತಾರೆ. ನಾಲ್ಕು ಸಿಲಿಂಡರ್‌ಗಳ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಬಾರಿ ಡೀಸೆಲ್ ಉರಿಯಬೇಕು, ಮತ್ತು ಪ್ರತಿ ಬಾರಿಯೂ ಸಿಲಿಂಡರಿಗೆ ಸೇರುವ ಡೀಸೆಲ್ ಕೆಲವೇ ಘನ ಮಿಲಿಮೀಟರಿನಷ್ಟು. ಪ್ರಮಾಣ ಇಷ್ಟು ಸಣ್ಣದಾಗಿರುವುದರಿಂದ ಒಂದು ಸಿಲಿಂಡರಿಗೆ ತುಸು ಕಡಿಮೆಯಾದರೂ ಉಳಿದ ಮೂರರೊಡನೆ ಅದರ ಸಮತೋಲ ತಪ್ಪುತ್ತದೆ. ವೇಗ ಹೆಚ್ಚಿದಾಗ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲ್‌ನ ಓಟದಲ್ಲಿ ಮುಚ್ಚಿಹೋಗುವ ಅದೇ ಕೊರತೆ ನಿಧಾನಗತಿಯಲ್ಲಿ ನಡುಕವಾಗಿ ಸ್ಟೇರಿಂಗಿನವರೆಗೂ ತಲುಪುತ್ತದೆ.

ಈ ಸೂಕ್ಷ್ಮ ಅಳತೆಯ ಹೊಣೆ ಹೊತ್ತಿರುವುದು ಡೀಸೆಲ್ ಪಂಪು. ಜರ್ಮನಿಯ ಬಾಷ್ ಸಂಸ್ಥೆ 1927ರಲ್ಲಿ ಇಂಥ ಪಂಪುಗಳ ದೊಡ್ಡ ಪ್ರಮಾಣದ ತಯಾರಿಕೆಯನ್ನು ಆರಂಭಿಸಿತು. ಅದರ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಅವನ್ನು ದೇಶಕ್ಕೆಲ್ಲ ಒದಗಿಸಿತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆದರೂ ಗ್ಯಾರೇಜುಗಳಲ್ಲಿ ಮೈಕೋ ಪಂಪೆಂಬ ಮಾತು ಉಳಿದಿದೆ. ಪಂಪಿನೊಳಗೆ ಮೇಲೆ ಕೆಳಗೆ ಚಲಿಸುವ ಪ್ಲಂಜರ್ ಹಾಗೂ ಅದನ್ನು ಒಳಗೊಂಡ ಬ್ಯಾರೆಲ್ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಎರಡು-ಮೂರು ಪಾಲಿನಷ್ಟೇ ಇರುವುದರಿಂದ, ಅವೆರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ನೀರು ಅಥವಾ ದೂಳು ಬೆರೆತ ಡೀಸೆಲ್ ಈ ಜೋಡಿಯನ್ನು ಬೇಗ ಸವೆಸುತ್ತದೆ.

ಪರೀಕ್ಷೆ ಆರಂಭವಾಗುವುದು ಕೇಳುವುದರಿಂದ. ಎಂಜಿನ್ ಸಮಾನ ಅಂತರದಲ್ಲಿ ಒಂದೊಂದು ಬಡಿತವನ್ನು ತಪ್ಪಿಸುತ್ತಿದ್ದರೆ ಅದು ಮಿಸ್ಸಿಂಗ್, ಮತ್ತು ದೋಷ ಬಹುಪಾಲು ಒಂದೇ ಸಿಲಿಂಡರಿಗೆ ಸೇರಿದ್ದು. ವೇಗ ತಾನಾಗಿ ಏರಿ ತಾನಾಗಿ ಇಳಿಯುತ್ತಿದ್ದರೆ ಅದು ಹಂಟಿಂಗ್, ಆಗ ಶಂಕೆ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಕಡೆಗೋ ಡೀಸೆಲ್‌ನೊಡನೆ ಸೇರಿದ ಗಾಳಿಯ ಕಡೆಗೋ ತಿರುಗುತ್ತದೆ. ಹೊಗೆಯೂ ಸಾಕ್ಷಿಯಾಗುತ್ತದೆ: ಕಪ್ಪು ಹೊಗೆ ಅರೆಬರೆ ಉರಿದ ಡೀಸೆಲನ್ನು, ಬಿಳಿ ಹೊಗೆ ಸಾಮಾನ್ಯವಾಗಿ ಉರಿಯದೆ ಹೊರಬಿದ್ದ ಡೀಸೆಲನ್ನು, ನೀಲಿ ಹೊಗೆ ಸಿಲಿಂಡರಿನೊಳಗೆ ಸೇರಿದ ಆಯಿಲನ್ನು ಸೂಚಿಸುತ್ತವೆ.

ಬಳಿಕದ ಸರದಿ ಅಗ್ಗದ ಕಾರಣಗಳದು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಎಳೆಯಲ್ಪಡುವುದರಿಂದ, ಅಲ್ಲಿನ ಸಡಿಲ ಕ್ಲಿಪ್ಪು ಅಥವಾ ಬಿರುಕುಬಿಟ್ಟ ರಬ್ಬರಿನಿಂದ ಹೊರಗೆ ಒಂದು ಹನಿಯೂ ಸೋರದೆ ಒಳಗೆ ಗಾಳಿ ಸೇರಬಹುದು. ಫಿಲ್ಟರಿನ ಬಳಿ ಒಂದು ತುಂಡು ಪಾರದರ್ಶಕ ಪೈಪನ್ನು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಬೀಳುತ್ತವೆ. ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುತ್ತಾರೆ. ಫಿಲ್ಟರಿನ ತಳದಲ್ಲಿ ನಿಂತ ನೀರನ್ನೂ ಇದೇ ಹಂತದಲ್ಲಿ ಬಸಿಯಬೇಕು.

ದೋಷ ಉಳಿದಿದ್ದರೆ ಅದು ಯಾವ ಸಿಲಿಂಡರಿನದೆಂದು ತಿಳಿಯಲು ಪೈಪ್ ಸಡಿಲಿಸುವ ಪರೀಕ್ಷೆ ನಡೆಯುತ್ತದೆ. ಎಂಜಿನ್ ಓಡುತ್ತಿರುವಾಗಲೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೊದಲ ನೋಜಲಿನ ಪೈಪಿನ ನಟ್ಟನ್ನು, ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಧರಿಸಿ, ತುಸುವೇ ಸಡಿಲಿಸುತ್ತಾರೆ. ಎಂಜಿನ್ ಕೂಡಲೇ ಕುಗ್ಗಿ ನಡುಕ ಹೆಚ್ಚಿದರೆ ಆ ಸಿಲಿಂಡರ್ ಈವರೆಗೆ ದುಡಿಯುತ್ತಿತ್ತೆಂದು ಅರ್ಥ. ನಟ್ಟನ್ನು ಬಿಗಿದು ಮುಂದಿನದಕ್ಕೆ ಹೋಗುತ್ತಾರೆ. ಯಾವ ನಟ್ಟನ್ನು ಸಡಿಲಿಸಿದಾಗ ಸದ್ದಿನಲ್ಲಿ ವ್ಯತ್ಯಾಸ ಕಾಣದೋ ಅದರದೇ ಸೋತ ಸಿಲಿಂಡರ್. ಒತ್ತಡ ಸಾವಿರ ಬಾರ್ ಮೀರಬಲ್ಲ, ಕಂಪ್ಯೂಟರ್ ನಿಯಂತ್ರಣದ ಈಚಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ, ಚರ್ಮವನ್ನೇ ಸೀಳಬಲ್ಲ ಧಾರೆ ಚಿಮ್ಮುವುದರಿಂದ, ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

ಸೋತ ಸಿಲಿಂಡರಿನ ನೋಜಲನ್ನು ಬಿಚ್ಚಿ, ಒತ್ತಡ ತೋರಿಸುವ ಗೇಜಿರುವ ಕೈಪಂಪಿಗೆ ಜೋಡಿಸಿ ಪರೀಕ್ಷಿಸುತ್ತಾರೆ. ನಿಗದಿತ ಒತ್ತಡದಲ್ಲಿ ತೆರೆದುಕೊಂಡ ಒಳ್ಳೆಯ ನೋಜಲ್ ಡೀಸೆಲನ್ನು ನವಿರಾದ ಮಂಜಾಗಿ ಚೆಲ್ಲಿ, ಮರುಕ್ಷಣ ಮುಚ್ಚಿಕೊಂಡು, ತುದಿಯನ್ನು ಒಣಗಿದಂತೆ ಇಟ್ಟುಕೊಳ್ಳುತ್ತದೆ. ಕೆಟ್ಟ ನೋಜಲಿನಲ್ಲಿ ಧಾರೆ ಒಂದು ಬದಿಗೆ ವಾಲುತ್ತದೆ ಅಥವಾ ತುದಿಯಲ್ಲಿ ಹನಿ ತೂಗುತ್ತದೆ. ಆ ಧಾರೆಯ ಎದುರಿಗೆ ಕೈಯೊಡ್ಡುವುದು ಅಪಾಯಕರ. ನೋಜಲ್ ಸರಿಯಿದ್ದರೆ ವಾಲ್ವಿನ ಸಂದನ್ನು ಅಳೆಯುವ ಟ್ಯಾಪೆಟ್ ಸೆಟ್ಟಿಂಗ್, ಆನಂತರ ಕಂಪ್ರೆಶನ್ ಪರೀಕ್ಷೆ, ಕೊನೆಗೆ ಪಂಪನ್ನು ಬೆಂಚಿಗೇರಿಸಿ ಪ್ರತಿ ಪ್ಲಂಜರಿನ ಡೀಸೆಲ್ ಅಳೆಯುವ ಕ್ಯಾಲಿಬ್ರೇಶನ್ ನಡೆಯುತ್ತವೆ. ಎಂಜಿನ್ ಸರಿಯಿದ್ದೂ ಅದನ್ನು ಹಿಡಿದಿರುವ ಮೌಂಟಿಂಗ್ ರಬ್ಬರ್ ಹರಿದು ಗಾಡಿ ನಡುಗುವುದೂ ಉಂಟು.

ಈ ಕ್ರಮವನ್ನು ಬಿಟ್ಟು ಐಡಲಿಂಗ್ ಸ್ಕ್ರೂ ತಿರುಗಿಸಿ ವೇಗ ಏರಿಸುವ ಅಭ್ಯಾಸ ಈ ವಿದ್ಯೆಗೆ ದೊಡ್ಡ ಹಾನಿ ಮಾಡಿದೆ. ಹಾಗೆ ಮಾಡಿದಾಗ ನಡುಕ ಅಡಗುತ್ತದೆಯೇ ಹೊರತು ದೋಷ ಅಳಿಯುವುದಿಲ್ಲ, ಡೀಸೆಲ್ ಖರ್ಚು ಮಾತ್ರ ಏರುತ್ತದೆ, ಮತ್ತು ಹನಿ ಸೋರುವ ನೋಜಲನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ ಸುಟ್ಟುಹೋಗುವ ಅಪಾಯವೂ ಇದೆ. ಆದುದರಿಂದ ಗಾಡಿಯ ಮಾಲೀಕರು ದುರಸ್ತಿಗೆ ಒಪ್ಪುವ ಮುನ್ನ ಯಾವ ಸಿಲಿಂಡರ್ ಸೋತಿದೆ, ಅದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳುವುದು ನ್ಯಾಯವಾದದ್ದು. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿ ಪಡೆಯುವವರು ಬಿಚ್ಚಿ ಜೋಡಿಸುವುದರ ಜೊತೆಗೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನೂ ಕಲಿತರೆ, ಹಳೆಯ ಗಾಡಿಗಳನ್ನು ನಂಬಿ ಬದುಕುವವರ ಹಣವೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ.