40 ಅಡಿ ಗೋಡೆ ಪಿಡಿಎಫ್‌ನಲ್ಲಿ 14 ಅಡಿ ಆಗೋದು ಹೇಗೆ?

ಯಾದಗಿರಿ, ಶಹಾಪುರ, ಸುರಪುರದ ಕಡೆ ಮನೆ ಕಟ್ಟಿಸುವವರಿರಲಿ, ಹೊಲದ ಬದುವಿನ ತಕರಾರು ಇರುವವರಿರಲಿ, ಕಾಲುವೆ ಕೆಲಸ ಹಿಡಿದವರಿರಲಿ, ಎಲ್ಲರ ಮೊಬೈಲ್‌ನಲ್ಲೂ ಈಗ ಒಂದಾದರೂ ನಕ್ಷೆ ಇರುತ್ತೆ. ಹೆಚ್ಚಾಗಿ ಪಿಡಿಎಫ್. ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸಿ, ಮೇಲೆ ಸ್ಕೇಲ್ ಇಟ್ಟು ಅಳೆಯೋದು ರೂಢಿ. ಎಡವಟ್ಟು ಅಲ್ಲೇ ಆಗುತ್ತೆ ನೋಡ್ರಿ.

ಮೊದಲು ಹಾಳೆಯ ಲೆಕ್ಕ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ಅರ್ಧ ಮಾಡಿದರೆ ಎ1, ಅಂದರೆ 594 ಬೈ 841 ಮಿಲಿಮೀಟರ್. ಹೀಗೇ ಅರ್ಧ ಮಾಡುತ್ತಾ ಹೋದರೆ ನಮಗೆಲ್ಲ ಗೊತ್ತಿರುವ ಎ4 ಸಿಗುತ್ತೆ, 210 ಬೈ 297. ಒಂದು ಎ1 ಹಾಳೆಯಲ್ಲಿ ಎಂಟು ಎ4 ಕೂರುತ್ತವೆ. ಆದರೆ ಗೆರೆಯ ಉದ್ದ ಎಂಟರಲ್ಲಿ ಒಂದು ಭಾಗ ಆಗೋದಿಲ್ಲ, ಸುಮಾರು ಶೇ 35ಕ್ಕೆ ಇಳಿಯುತ್ತೆ.

30 ಬೈ 40 ಸೈಟನ್ನೇ ತಗೊಳ್ಳಿ. ಎಂಜಿನಿಯರ್ ಎ1 ಹಾಳೆಯಲ್ಲಿ 1:100 ಸ್ಕೇಲ್‌ಗೆ ಬರೆದಿದ್ದಾರೆ ಅಂದುಕೊಳ್ಳಿ. 40 ಅಡಿಯ ಗೋಡೆ ಕಾಗದದ ಮೇಲೆ 122 ಮಿ.ಮೀ. ಇರುತ್ತೆ. ಅದೇ ಹಾಳೆ ಎ4ಗೆ ಕುಗ್ಗಿದರೆ ಗೋಡೆ 43 ಮಿ.ಮೀ. ಮೂಲೆಯಲ್ಲಿ ‘1:100’ ಅನ್ನೋ ಬರಹ ಮಾತ್ರ ಹಾಗೇ ಉಳಿದಿರುತ್ತೆ! ಅದನ್ನು ನಂಬಿ ಅಳೆದರೆ ಗೋಡೆ 14 ಅಡಿ. ಇಷ್ಟು ದೊಡ್ಡ ತಪ್ಪು ಯಾರಿಗಾದರೂ ಕಾಣುತ್ತೆ ಬಿಡಿ. ಅಪಾಯ ಇರೋದು ಸಣ್ಣ ತಪ್ಪಿನಲ್ಲಿ. ಹಾಳೆ ಸರಿಯಾಗಿದ್ದರೂ ಪ್ರಿಂಟರ್ ಅಂಚು ಬಿಡಲಿಕ್ಕೆ ಅಂತ ಶೇ 3–4ರಷ್ಟು ಕುಗ್ಗಿಸಿದರೆ ಕಣ್ಣಿಗೆ ಗೊತ್ತಾಗಲ್ಲ. 40 ಅಡಿಯಲ್ಲಿ ಒಂದೂವರೆ ಅಡಿ ಹೋಗಿರುತ್ತೆ. ಪಕ್ಕದ ಮನೆಯವರ ಜೊತೆ ಜಗಳಕ್ಕೆ ಅಷ್ಟು ಸಾಕು.

ಇದೆಲ್ಲ ಯಾಕಾಗುತ್ತೆ ಅಂದ್ರೆ, ಪಿಡಿಎಫ್ ಅನ್ನೋದು ಬರೀ ಫೋಟೊ ಅಲ್ಲ. ಅದರ ಪ್ರತಿ ಪುಟಕ್ಕೂ ನಿಜವಾದ ಉದ್ದ, ಅಗಲ ಇರುತ್ತೆ. ಒಂದು ಇಂಚಿಗೆ 72 ಪಾಯಿಂಟ್ ಲೆಕ್ಕದಲ್ಲಿ ಅದು ಕಡತದೊಳಗೇ ದಾಖಲಾಗಿರುತ್ತೆ. ಮೊಬೈಲ್ ಪರದೆ ಮೇಲೆ ಎ1 ಕೂಡ, ಎ4 ಕೂಡ ಒಂದೇ ತರ ಕಾಣೋದರಿಂದ ನಾವು ಮೋಸ ಹೋಗ್ತೀವಿ. ಕಂಪ್ಯೂಟರ್‌ನಲ್ಲಿ ಅಡೋಬಿ ರೀಡರ್ ತೆರೆದು ಫೈಲ್ ಮೆನುವಿನ ಪ್ರಾಪರ್ಟೀಸ್ ನೋಡಿ, ಪುಟದ ಅಳತೆ ಅಲ್ಲೇ ಇರುತ್ತೆ.

ಈಗ ಪಿಡಿಎಫ್ ಮಾಡುವವರಿಗೆ ಒಂದು ಮಾತು. ವಿಂಡೋಸ್‌ನ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಸಾಮಾನ್ಯ ಪತ್ರಗಳಿಗೆ ಒಳ್ಳೇದು, ನಕ್ಷೆಗಲ್ಲ. ಆಟೊಕ್ಯಾಡ್‌ನಲ್ಲಿ ಪ್ಲಾಟ್ ಕೊಡುವಾಗ ‘ಡಿಡಬ್ಲ್ಯುಜಿ ಟು ಪಿಡಿಎಫ್’ ಆರಿಸಿ, ಹಾಳೆಯ ಪಟ್ಟಿಯಲ್ಲಿ ಐಎಸ್ಒ ಎ1 ತಗೊಳ್ಳಿ, ‘ಫಿಟ್ ಟು ಪೇಪರ್’ ಮುಂದಿನ ಗುರುತು ತೆಗೆದುಬಿಡಿ. ಲೇಔಟ್‌ನಿಂದ ಪ್ಲಾಟ್ ಮಾಡುತ್ತಿದ್ದರೆ ಸ್ಕೇಲ್ 1:1. ಮಾಡೆಲ್‌ನಿಂದಾದರೆ ನೀವು ಬರೆದಿರೋದು ಮಿಲಿಮೀಟರಿನಲ್ಲೋ ಮೀಟರಿನಲ್ಲೋ ನೋಡಿಕೊಂಡು ಸ್ಕೇಲ್ ಹಾಕಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಹಾಳೆಯ ಅಳತೆಯೇ ಮಾಯ.

ಮನೆ ನಕ್ಷೆಯಲ್ಲಾದರೆ ಗೋಡೆ ಗೋಡೆಗೂ ಅಳತೆ ಬರೆದಿರುತ್ತೆ, ಸ್ಕೇಲ್ ಇಡೋ ಬದಲು ಅದನ್ನೇ ಓದಬಹುದು. ಕಾಲುವೆಯ ಉದ್ದದ ನಕ್ಷೆಗಳ ಕಥೆ ಬೇರೆ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ ಸುಮಾರು 78 ಕಿಲೋಮೀಟರ್ ಇದೆ. 1:2000 ಸ್ಕೇಲ್‌ಗೆ ಒಂದೇ ಪಟ್ಟಿಯಲ್ಲಿ ಬರೆದರೆ 39 ಮೀಟರ್ ಕಾಗದ ಬೇಕು! ಪಿಡಿಎಫ್ ಪುಟಕ್ಕೆ ಬಹಳ ಕಾಲ 200 ಇಂಚು, ಅಂದರೆ 5.08 ಮೀಟರ್ ಮಿತಿ ಇತ್ತು. ಆಮೇಲಿನ ಆವೃತ್ತಿಯಲ್ಲಿ ಅದನ್ನು ಹಿಗ್ಗಿಸುವ ದಾರಿ ಬಂದರೂ ಎಲ್ಲ ತಂತ್ರಾಂಶಗಳೂ ಅದನ್ನು ಸರಿಯಾಗಿ ಓದಲ್ಲ. ಹಾಗಾಗಿ ಕಾಲುವೆಯನ್ನು ತುಂಡು ತುಂಡು ಹಾಳೆಗಳಲ್ಲಿ ಬರೆದು ಜೋಡಿಸೋದೇ ಜಾಣತನ.

ರೈತರಿಗೆ ಹೆಚ್ಚು ಬೇಕಾಗಿರೋದು ಗ್ರಾಮ ನಕ್ಷೆ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಅದು ಪಿಡಿಎಫ್ ರೂಪದಲ್ಲೇ ಸಿಗುತ್ತೆ. ಎ4 ಮೇಲೆ ಪ್ರಿಂಟ್ ತೆಗೆದು ಸರ್ವೆ ನಂಬರ್ ಹುಡುಕಲಿಕ್ಕೆ ಅಡ್ಡಿಯಿಲ್ಲ. ಆದರೆ ಅದರ ಮೇಲೆ ಸ್ಕೇಲ್ ಇಟ್ಟು ‘ನಿನ್ನ ಬದು ನನ್ನ ಹೊಲದೊಳಗೆ ಬಂದಿದೆ’ ಅನ್ನಬೇಡಿ. ಮೂಲ ಸರಿಯಾಗಿದ್ದರೂ ಅಲ್ಲಿ ಒಂದು ಗೆರೆಯ ದಪ್ಪವೇ ನೆಲದ ಮೇಲೆ ಎಷ್ಟೋ ಅಡಿ ಆಗುತ್ತೆ. ಅದಕ್ಕೆ ಭೂಮಾಪಕರಿಂದ ಹದ್ದುಬಸ್ತೇ ಆಗಬೇಕು.

ದೊಡ್ಡ ಹಾಳೆಯ ಪ್ರಿಂಟರ್ ಹತ್ತಿರದಲ್ಲಿ ಇಲ್ಲವಾ? ಅಡೋಬಿ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ‘ಪೋಸ್ಟರ್’ ಅಂತ ಇದೆ. ಅಳತೆ ಶೇ 100 ಇಟ್ಟರೆ ಎ1 ನಕ್ಷೆ ಹಲವು ಎ4 ಹಾಳೆಗಳಾಗಿ ಬರುತ್ತೆ, ಅಂಟಿಸಿಕೊಳ್ಳಬಹುದು. ಅಂಚು ಬಿಡೋದರಿಂದ ಎಂಟಕ್ಕಿಂತ ಹೆಚ್ಚು ಹಾಳೆ ಹಿಡಿಯುತ್ತೆ, ಅಂಗಡಿಯವರ ಜೊತೆ ಮೊದಲೇ ರೇಟು ಮಾತಾಡಿಕೊಳ್ಳಿ. ಒಂದೇ ಹಾಳೆ ಆದರೆ ‘ಫಿಟ್’ ಬಿಟ್ಟು ‘ಆ್ಯಕ್ಚುವಲ್ ಸೈಜ್’ ಒತ್ತಲಿಕ್ಕೆ ಹೇಳಿ.

ಇನ್ನೊಂದು, ನಕ್ಷೆ ಬರೆಯುವವರನ್ನು ಕೇಳಿ ಮೂಲೆಯಲ್ಲಿ ಅಳತೆ ಪಟ್ಟಿಯನ್ನೂ, ಕಾಗದದ ಮೇಲೆ ಸರಿಯಾಗಿ 100 ಮಿ.ಮೀ. ಬರುವ ಒಂದು ಗೆರೆಯನ್ನೂ ಹಾಕಿಸಿ. ಹಾಳೆ ಕುಗ್ಗಿದರೆ ಅಳತೆ ಪಟ್ಟಿಯೂ ಜೊತೆಗೇ ಕುಗ್ಗುತ್ತೆ, ಹಾಗಾಗಿ ಅದು ಸುಳ್ಳು ಹೇಳಲ್ಲ. ಗೆರೆಯನ್ನು ಮಗನ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತಗೊಂಡು ಅಂಗಡಿಯಲ್ಲೇ ಅಳೆಯಿರಿ. 97 ಬಂತಾ, ದುಡ್ಡು ಕೊಡೋ ಮೊದಲು ಇನ್ನೊಮ್ಮೆ ತೆಗೆಸಿ.